ಹಸಿರು ಶಾಲು, ನೀಲಿ ಟಿಕ್

ಶಿವಮೊಗ್ಗದಿಂದ ಭದ್ರಾವತಿ ಕಡೆಗೆ ಬಿ.ಎಚ್. ರಸ್ತೆಯಲ್ಲಿ ಹೊರಟರೆ, ಪೇಟೆ ಮುಗಿಯಿತು ಅನ್ನುವಷ್ಟರಲ್ಲಿ ಮಲವಗೊಪ್ಪ ಬರುತ್ತದೆ. ಹಳಬರಿಗೆ ಈ ಊರೆಂದರೆ ತುಂಗಭದ್ರಾ ಸಕ್ಕರೆ ಕಾರ್ಖಾನೆ. ಅದು ಬಾಗಿಲು ಹಾಕಿ ಕಾಲವಾಯಿತು. ಆದರೆ ಕಾರ್ಖಾನೆ ಅರೆಯುತ್ತಿದ್ದ ದಿನಗಳಲ್ಲಿ ಕಬ್ಬಿನ ಗಾಡಿಗಳು ತೂಕದ ಸರದಿಗೆ ಕಾಯುತ್ತ ನಿಲ್ಲುತ್ತಿದ್ದವಲ್ಲ, ರಾಜಕೀಯ ಸಂಘಟನೆಯ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಸಾಲು. ಹತ್ತಾರು ಊರಿನವರು ಒಂದು ಕಡೆ, ಎಲ್ಲರಿಗೂ ಒಂದೇ ಬಾಬತ್ತಿನ ಸಿಟ್ಟು, ಸರದಿ ಬರುವ ತನಕ ಮಾಡಲು ಬೇರೆ ಕೆಲಸವಿಲ್ಲ. ಸಂಘ ಕಟ್ಟುವವನಿಗೆ ಇನ್ನೇನು ಬೇಕು? ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅದು ಅಡ್ಮಿನ್ನೇ ಇಲ್ಲದ ಗ್ರೂಪು.

ಕರ್ನಾಟಕ ರಾಜ್ಯ ರೈತ ಸಂಘದ ಬೇರು ಇಳಿದದ್ದು ಇಂಥ ಮಣ್ಣಿನಲ್ಲೇ. ಶಿವಮೊಗ್ಗದ ಕಬ್ಬು ಬೆಳೆಗಾರರ ಅಸಮಾಧಾನ ಒಂದು ಕಡೆ, 1980ರ ಜುಲೈಯಲ್ಲಿ ನರಗುಂದ–ನವಲಗುಂದದಲ್ಲಿ ರೈತರ ಮೇಲೆ ಆದ ಗೋಲಿಬಾರು ಇನ್ನೊಂದು ಕಡೆ. ಅದೇ ವರ್ಷ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳ್ ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ ಇವರೆಲ್ಲ ಊರೂರು ಸುತ್ತಿದರು. ಹೆಗಲಿಗೆ ಹಸಿರು ಶಾಲು ಬಂತು. ಸಾಲ ವಸೂಲಿಯ ಅಧಿಕಾರಿಗಳು ಅನುಮತಿಯಿಲ್ಲದೆ ಒಳಗೆ ಬರಕೂಡದು ಎಂಬ ಬೋರ್ಡು ಹಳ್ಳಿಗಳ ಬಾಗಿಲಲ್ಲಿ ಎದ್ದು ನಿಂತಿತು. ಸುದ್ದಿ ಹೋಗುತ್ತಿದ್ದುದು ಕರಪತ್ರದಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಜಗುಲಿಯಲ್ಲಿ, ಕೊನೆಯ ಬಸ್ಸಿನ ಡ್ರೈವರನ ಕೈಯಲ್ಲಿ. ಹದಿನೈದು ಕಿಲೋಮೀಟರ್ ಆಚೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬೇರೆಯದೇ ಪದ್ಧತಿ. ಪಾಳಿ ಬದಲಾಗುವ ಹೊತ್ತಿಗೆ ಗೇಟ್ ಮೀಟಿಂಗ್. ಹೊರಗೆ ಬರುವವರೂ ಒಳಗೆ ಹೋಗುವವರೂ ಒಂದೇ ಬಾಗಿಲಲ್ಲಿ ಸಿಗುವ ಆ ಅರ್ಧ ಗಂಟೆಗಿಂತ ಒಳ್ಳೆಯ ಮಾಧ್ಯಮವನ್ನು ಯಾವ ಎಂಜಿನಿಯರೂ ಇನ್ನೂ ಕಂಡುಹಿಡಿದಿಲ್ಲ ಎಂಬುದು ನನ್ನ ಗುಮಾನಿ.

ರೈತ ಸಂಘ ಇಂಟರ್ನೆಟ್ಟಿಗೆ ತಡವಾಗಿ ಬಂತು ಎಂದುಕೊಂಡವರಿಗೆ ಒಂದು ಸಂಗತಿ ಹೇಳಬೇಕು. 1998ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ 'ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್' ಎಂಬ ಜಾಲ ಹುಟ್ಟಿತು. ಮೆಕ್ಸಿಕೋದ ಝಪಾಟಿಸ್ಟಾ ಬಂಡಾಯದಿಂದ ಹುರುಪು ಪಡೆದದ್ದು ಅದು. ಅಧ್ಯಕ್ಷರಿಲ್ಲ, ದೊಡ್ಡ ಕಚೇರಿಯಿಲ್ಲ, ಖಂಡದಿಂದ ಖಂಡಕ್ಕೆ ಹೊಂದಾಣಿಕೆಯೆಲ್ಲ ಬಹುಪಾಲು ಇಮೇಲಿನಲ್ಲೇ. ಅದರ ಮುಂಚೂಣಿಯಲ್ಲಿ ಇದ್ದವರಲ್ಲಿ ನಮ್ಮ ರೈತ ಸಂಘವೂ ಒಂದು. 1999ರ ಮೇ–ಜೂನ್‌ನಲ್ಲಿ ಭಾರತದ ನೂರಾರು ರೈತರು ಯುರೋಪಿನ ದೇಶಗಳಲ್ಲಿ ಬಸ್ಸಿನಲ್ಲಿ ಸುತ್ತಿ ಜಾಗತೀಕರಣದ ವಿರುದ್ಧ ಮೆರವಣಿಗೆ ಮಾಡಿದರು. ಅದೇ ಆಗಸ್ಟಿನಲ್ಲಿ ಆ ಜಾಲದ ಎರಡನೇ ಸಮಾವೇಶ ನಡೆದದ್ದು ಬೆಂಗಳೂರಿನಲ್ಲಿ. ನಮ್ಮ ಕಡೆ ಊರಿಗೊಂದು ಫೋನ್ ಇದ್ದರೆ ಹೆಚ್ಚು ಅನ್ನುವ ಕಾಲ. ತಮ್ಮ ಹೆಸರಿನಲ್ಲಿ ಹೋಗುತ್ತಿದ್ದ ಇಮೇಲನ್ನು ಆ ರೈತರಲ್ಲಿ ಎಷ್ಟು ಜನ ಕಣ್ಣಾರೆ ಕಂಡಿದ್ದರೋ! ಸಂದೇಶ ಇಂಗ್ಲಿಷಿನಲ್ಲಿ ಹಾರುತ್ತಿತ್ತು, ಜನ ಕನ್ನಡದಲ್ಲಿ ಬಸ್ಸು ಹತ್ತುತ್ತಿದ್ದರು.

ಈ ಎರಡರ ನಡುವಿನ ಕಂದಕ ತುಂಬಿದ್ದು ಅಕ್ಷರ. ತಂತ್ರಜ್ಞಾನದ ಕಥೆ ಹೇಳುವವರು ಇದನ್ನು ಹಾರಿಸಿಬಿಡುತ್ತಾರೆ. 1998ರಲ್ಲಿ 'ಬರಹ' ಎಂಬ ಕನ್ನಡ ತಂತ್ರಾಂಶ ಬಂತು, ಆಮೇಲೆ 'ನುಡಿ'. ರೈತ ಸಂಘ ಕಟ್ಟಿದವರ ಗೆಳೆಯ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿಗೆ ಕನ್ನಡ ಬರಲೇಬೇಕು ಎಂದು ಹಟ ಹಿಡಿದಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು' ಹೆಸರಿನ ತಂತ್ರಾಂಶ ತಂದದ್ದರ ಹಿಂದೆ ಅವರ ಒತ್ತಾಸೆ ಇತ್ತು. ಆದರೂ ಒಬ್ಬರು ನುಡಿಯಲ್ಲಿ ಹೊಡೆದ ಕರಪತ್ರ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಹುಳ ಹರಿದಂತೆ ಕಾಣುತ್ತಿತ್ತು. ಮೊಬೈಲಿನಲ್ಲಂತೂ ಕನ್ನಡವೆಂದರೆ ಸಾಲು ಸಾಲು ಖಾಲಿ ಡಬ್ಬಿ. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ಸರಿಯಾಗಿ ತೋರಿಸತೊಡಗಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಟೈಪು ಮಾಡಲು ಬಾರದವರು ದನಿಯನ್ನೇ ಕಳಿಸಿದರು. ತೂಕದ ಸಾಲಿನಲ್ಲಿ ಆಡುತ್ತಿದ್ದ ಮಾತು ಅದೇ ರಾಗದಲ್ಲಿ, ಅದೇ ಬೈಗುಳದ ಸಮೇತ ವಾಯ್ಸ್ ಮೆಸೇಜಾಗಿ ಮತ್ತೆ ಹೊರಟಿತು.

ಪಕ್ಷಗಳು ಅಷ್ಟು ಹೊತ್ತಿಗೆ ಇನ್ನೊಂದು ದಾರಿ ಕಂಡುಕೊಂಡಿದ್ದವು. ಮಿಸ್ಡ್ ಕಾಲ್ ನಮ್ಮ ಜನರಿಗೆ ಹಳೆಯ ಪರಿಚಯ. ಬಸ್ ಇಳಿದೆ, ಗೇಟಿನ ಹತ್ತಿರ ಬಾ, ಅನ್ನ ಇಡು ಎಂಬುದನ್ನೆಲ್ಲ ಒಂದು ರೂಪಾಯಿ ಖರ್ಚಿಲ್ಲದೆ ಎರಡು ರಿಂಗಿನಲ್ಲಿ ಹೇಳುತ್ತಿದ್ದೆವು. 2011ರಲ್ಲಿ ಅಣ್ಣಾ ಹಜಾರೆ ಚಳವಳಿ ಬೆಂಬಲಕ್ಕೆ ಮಿಸ್ಡ್ ಕಾಲ್ ಕೊಡಿ ಎಂದಿತು. 2014ರ ನವೆಂಬರಿನಲ್ಲಿ ಬಿಜೆಪಿ ಅದನ್ನೇ ಸದಸ್ಯತ್ವದ ಅರ್ಜಿ ಮಾಡಿತು. ಟೋಲ್ ಫ್ರೀ ನಂಬರಿಗೆ ಒಂದು ರಿಂಗ್ ಕೊಟ್ಟರೆ ಸದಸ್ಯ. ಕೆಲವೇ ತಿಂಗಳಲ್ಲಿ ಜಗತ್ತಿನ ಅತಿ ದೊಡ್ಡ ಪಕ್ಷ ತಾನೇ ಎಂದು ಹೇಳಿಕೊಂಡಿತು. ರಿಂಗ್ ಕೊಟ್ಟವರೆಲ್ಲ ಸದಸ್ಯರಾಗಿಬಿಡುತ್ತಾರೆಯೇ ಎಂದು ವಿರೋಧಿಗಳು ನಕ್ಕರು. ನಕ್ಕವರು ಮರೆತದ್ದು ಒಂದೇ: ಪಕ್ಷದ ಕೈಗೆ ಬಂದದ್ದು ಸದಸ್ಯರಲ್ಲ, ಫೋನ್ ನಂಬರುಗಳು. ವಾಟ್ಸ್‌ಆ್ಯಪಿನಲ್ಲಿ ಸಂದೇಶ ಓದಿದರೆ ನೀಲಿ ಟಿಕ್ ಬೀಳತೊಡಗಿದ್ದೂ ಅದೇ ನವೆಂಬರಿನಲ್ಲಿ. ಕರಪತ್ರ ಹಂಚಿದವನಿಗೆ ಅದನ್ನು ಓದಿದರೋ ಕಡಲೆ ಕಟ್ಟಿದರೋ ತಿಳಿಯುತ್ತಿರಲಿಲ್ಲ. ಈಗ ತಿಳಿಯಿತು.

2018ರ ವಿಧಾನಸಭಾ ಚುನಾವಣೆ ಬರುವ ಹೊತ್ತಿಗೆ ಎರಡೂ ದೊಡ್ಡ ಪಕ್ಷಗಳು ಸೇರಿ ರಾಜ್ಯದಲ್ಲಿ ಕನಿಷ್ಠ 50,000 ವಾಟ್ಸ್‌ಆ್ಯಪ್ ಗ್ರೂಪು ಮಾಡಿರುವುದಾಗಿ ಹೇಳಿಕೊಂಡವು. ಹೊರದೇಶದ ಪತ್ರಕರ್ತರು ಬಂದು 'ವಾಟ್ಸ್‌ಆ್ಯಪ್ ಚುನಾವಣೆ' ಎಂದು ಬರೆದುಕೊಂಡು ಹೋದರು. ಅವರ ಕಣ್ಣಿಗೆ ಅಷ್ಟಾಗಿ ಬೀಳದ್ದು ಮತದಾರರ ಪಟ್ಟಿ. ಆ ಪಟ್ಟಿಯ ಒಂದು ಪುಟದಲ್ಲಿ 30 ಹೆಸರು. ಪುಟಕ್ಕೊಬ್ಬ ಪೇಜ್ ಪ್ರಮುಖ. ಆ 30 ಜನರಲ್ಲಿ ಯಾರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ, ಯಾರ ಮನೆಯಲ್ಲಿ ಸೂತಕ, ಯಾರನ್ನು ಮತದಾನದ ದಿನ ಆಟೋ ಕಳಿಸಿ ಕರೆತರಬೇಕು ಎಂಬುದೆಲ್ಲ ಅವನ ತಲೆಯಲ್ಲಿ ಇರಬೇಕು. ವಾಟ್ಸ್‌ಆ್ಯಪ್ ಗ್ರೂಪಿನ ಮಿತಿ ಆಗ 256 ಜನ. ಒಂದು ಬೂತಿನ ಮತದಾರರನ್ನು ಹಿಡಿಸಲು ನಾಲ್ಕೈದು ಗ್ರೂಪಾದರೂ ಬೇಕು. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಶುಭೋದಯ, ನಡುವೆ ಕರೆಂಟು ಹೋಗುವ ಸೂಚನೆ, ಆ ನಡುವೆ ಒಂದು ವಿಡಿಯೊ. ಶುಭೋದಯವನ್ನು ನೋಡಿ ನಗುವವರೇ ಹೆಚ್ಚು. ಆದರೆ ನಲ್ಲಿ ನೀರು ಯಾವಾಗ ಬರುತ್ತದೆ ಎಂದು ತಿಳಿಸುವ ಗ್ರೂಪನ್ನು ಯಾರು ತಾನೇ ಬಿಟ್ಟು ಹೋಗುತ್ತಾರೆ? ರಾಜಕೀಯ ಅದರ ಬೆನ್ನೇರಿ ಮನೆಯೊಳಗೆ ಬಂತು.

ಇದಕ್ಕೆ ಪೂರ್ತಿ ತದ್ವಿರುದ್ಧವಾದ ಪ್ರಯೋಗವೂ ಕನ್ನಡದಲ್ಲೇ ನಡೆಯಿತು. ನಟ ಉಪೇಂದ್ರ 'ಪ್ರಜಾಕೀಯ' ಎಂದು ಹೊರಟರು. ರ‍್ಯಾಲಿ ಬೇಡ, ಬ್ಯಾನರು ಬೇಡ, ಹಣ ಬೇಡ, ವಿಚಾರ ಆನ್‌ಲೈನಿನಲ್ಲಿ ಹೇಳಿದರೆ ಸಾಕು ಎಂದರು. 2019ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಒಂದು ಸೀಟೂ ಬರಲಿಲ್ಲ. ವಿಡಿಯೊ ನೋಡಿದವರು ಬಹಳ, ಪುಟ ಹಿಡಿದು ಮನೆ ಬಾಗಿಲಿಗೆ ಹೋದವರಿಲ್ಲ.

ಅದೇ 2019ರಲ್ಲಿ ನಮ್ಮ ಜಿಲ್ಲೆಯಲ್ಲಿ ಆದದ್ದು ಬೇರೆ. ಲಿಂಗನಮಕ್ಕಿಯಿಂದ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಸರ್ಕಾರದ ಕಡೆಯಿಂದ ಜೂನ್‌ನಲ್ಲಿ ಬಂದಾಗ ಮಲೆನಾಡು ಕೆರಳಿತು. ಅಣೆಕಟ್ಟಿಗಾಗಿ ಒಮ್ಮೆ ಮುಳುಗಿದ ನೆನಪು ಇಲ್ಲಿ ಇನ್ನೂ ಆರಿಲ್ಲ. ಆ ನೆನಪಿನ ಬಗ್ಗೆ 'ಮುಳುಗಡೆ' ಬರೆದ ನಾ. ಡಿಸೋಜ ಅವರೇ ಸಾಗರದಲ್ಲಿ ಹೋರಾಟದ ಮುಂದಾಳಾದರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಲೆನಾಡಿನ ಹುಡುಗ ಹುಡುಗಿಯರು ಹ್ಯಾಶ್‌ಟ್ಯಾಗ್ ಹಿಡಿದರು. ನೀರು ಬೇಕಾಗಿದ್ದದ್ದು ಅವರಿದ್ದ ಊರಿಗೇ, ಬೇಡವೆಂದವರೂ ಅವರೇ! ಜುಲೈ 10ರಂದು ಜಿಲ್ಲೆ ಬಂದ್ ಆಯಿತು. ಟ್ವಿಟರಿನ ಗದ್ದಲ ರಾಜಧಾನಿಯ ಟೀವಿಗೆ ತಲುಪಿತು ನಿಜ. ಅಂಗಡಿಗಳ ಬಾಗಿಲು ಎಳೆಸಿದ್ದು ಮಾತ್ರ ಸಾಹಿತಿಗಳು, ಮಠದವರು, ವರ್ತಕರು, ಆಟೋದವರು ಊರೂರಲ್ಲಿ ಕೂತು ನಡೆಸಿದ ಸಭೆಗಳು.

2021ರ ಮಾರ್ಚ್ 20ರಂದು ಶಿವಮೊಗ್ಗದ ಸೈನ್ಸ್ ಮೈದಾನದಲ್ಲಿ ರೈತ ಮಹಾಪಂಚಾಯತ್. ಕೃಷಿ ಕಾಯ್ದೆಗಳ ವಿರುದ್ಧ ದೆಹಲಿ ಗಡಿಯಲ್ಲಿ ಕೂತಿದ್ದ ರೈತರ ನಾಯಕ ರಾಕೇಶ್ ಟಿಕಾಯತ್ ಬಂದಿದ್ದರು. ಬೆಂಗಳೂರನ್ನೂ ದೆಹಲಿಯಂತೆ ಟ್ರ್ಯಾಕ್ಟರುಗಳಿಂದ ಸುತ್ತುವರಿಯಿರಿ ಎಂದ ಅವರ ಭಾಷಣಕ್ಕೆ ಇಲ್ಲಿನ ಪೊಲೀಸರು ಪ್ರಕರಣ ದಾಖಲಿಸಿದರು. ದೆಹಲಿ ಚಳವಳಿಯಲ್ಲಿ ಟ್ರ್ಯಾಕ್ಟರಿನಷ್ಟೇ ಕೆಲಸ ಮಾಡಿದ್ದು ಫೋನು. 'ಟ್ರ್ಯಾಕ್ಟರ್ ಟು ಟ್ವಿಟರ್' ಎಂಬ ಖಾತೆಯೇ ಇತ್ತು. ಆಳುವ ಪಕ್ಷದ ಐಟಿ ಸೆಲ್ಲಿಗೆ ರೈತರು ತಮ್ಮದೇ ಐಟಿ ಸೆಲ್ ಕಟ್ಟಿ ಉತ್ತರ ಕೊಟ್ಟರು.

ಅದಕ್ಕೆ ಒಂದು ತಿಂಗಳ ಮೊದಲು, ಫೆಬ್ರವರಿ 13ರಂದು, ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿಯನ್ನು ದೆಹಲಿ ಪೊಲೀಸರು ಹಿಡಿದಿದ್ದರು. ಆರೋಪ: ರೈತ ಚಳವಳಿಯನ್ನು ಬೆಂಬಲಿಸುವ 'ಟೂಲ್‌ಕಿಟ್' ಒಂದನ್ನು ತಿದ್ದಿದ್ದು, ಹಂಚಿದ್ದು. ಟೂಲ್‌ಕಿಟ್ ಅಂದ ಕೂಡಲೇ ಸ್ಪ್ಯಾನರು, ಸ್ಕ್ರೂಡ್ರೈವರು ಕಣ್ಣ ಮುಂದೆ ಬರುವ ನಮ್ಮಂಥವರಿಗೆ ಅದೊಂದು ಗೂಗಲ್ ಡಾಕ್ಯುಮೆಂಟ್ ಎಂದು ತಿಳಿಯಲು ಎರಡು ದಿನ ಹಿಡಿಯಿತು. ಯಾವ ದಿನ ಏನು ಮಾಡಬೇಕು, ಯಾರಿಗೆ ಬರೆಯಬೇಕು ಎಂಬ ಪಟ್ಟಿ ಅದು. ಅಂದರೆ ಕರಪತ್ರ! ಫೆಬ್ರವರಿ 23ರಂದು ಜಾಮೀನು ಕೊಟ್ಟ ನ್ಯಾಯಾಲಯ, ವಾಟ್ಸ್‌ಆ್ಯಪ್ ಗ್ರೂಪು ಮಾಡುವುದಾಗಲಿ ನಿರುಪದ್ರವಿ ಟೂಲ್‌ಕಿಟ್ಟನ್ನು ತಿದ್ದುವುದಾಗಲಿ ಅಪರಾಧವಲ್ಲ ಎಂಬ ಅರ್ಥದ ಮಾತು ಹೇಳಿತು. ಆದರೂ ಹಳೆಯ ಕರಪತ್ರಕ್ಕೂ ಇದಕ್ಕೂ ಒಂದು ವ್ಯತ್ಯಾಸ ಉಳಿಯಿತು. ಎಂಬತ್ತರ ದಶಕದಲ್ಲಿ ಯಾವುದೋ ಟ್ರೆಡಲ್ ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆಯ ಕರಡು ಯಾರು ತಿದ್ದಿದರು ಎಂದು ಪೊಲೀಸರು ತಲೆ ಕೆಡಿಸಿಕೊಂಡರೂ ಗೊತ್ತಾಗುತ್ತಿರಲಿಲ್ಲ. ಗೂಗಲ್ ಹಾಳೆ ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರು ಎಂಬುದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುತ್ತದೆ. ನೀಲಿ ಟಿಕ್ ಇತ್ತ ಕಡೆಗೂ ಬೀಳುತ್ತದೆ.

ಕರೆಯುವ ಕೆಲಸ ಸುಲಭವಾದಷ್ಟೂ ಕೆರಳಿಸುವುದೂ ಸುಲಭವಾಯಿತು, ಇದನ್ನು ನಾವು ಹತ್ತಿರದಿಂದಲೇ ಕಂಡೆವು. 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದಾಗ ಕೇಂದ್ರ ಸರ್ಕಾರ ಒಟ್ಟಿಗೆ ಕಳಿಸುವ ಎಸ್ಸೆಮ್ಮೆಸ್ಸನ್ನು ಐದಕ್ಕೆ ಇಳಿಸಿತ್ತು. 2018ರ ಜುಲೈಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಎಂಜಿನಿಯರ್ ಬಲಿಯಾದ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡನ್ನು ಐದಕ್ಕೆ ಮಿತಿಗೊಳಿಸಿತು. ಆರು ವರ್ಷ ಕಳೆದರೂ ಮದ್ದು ಅದೇ ಐದು. 2022ರ ಫೆಬ್ರವರಿ 8ರಂದು, ಹಿಜಾಬ್ ಗಲಾಟೆಯ ನಡುವೆ, ಶಿವಮೊಗ್ಗದ ಸರ್ಕಾರಿ ಕಾಲೇಜೊಂದರ ಧ್ವಜಸ್ತಂಭ ಹತ್ತಿ ಹುಡುಗನೊಬ್ಬ ಕೇಸರಿ ಬಾವುಟ ಕಟ್ಟಿದ. ವಿಡಿಯೊ ಸಂಜೆಯೊಳಗೆ ದೇಶ ಸುತ್ತಿತು. ಸುತ್ತುತ್ತ ಸುತ್ತುತ್ತ ರಾಷ್ಟ್ರಧ್ವಜ ಇಳಿಸಿ ಕೇಸರಿ ಏರಿಸಿದರು ಎಂಬ ಮಾತೂ ಅಂಟಿಕೊಂಡಿತು. ಆ ಕಂಬದಲ್ಲಿ ಆ ಹೊತ್ತಿಗೆ ರಾಷ್ಟ್ರಧ್ವಜ ಇರಲೇ ಇಲ್ಲ ಎಂದು ಪೊಲೀಸರು ಹೇಳಿದರು. ಆ ವಿವರಣೆಯನ್ನು ಎಷ್ಟು ಜನ ಫಾರ್ವರ್ಡ್ ಮಾಡಿದರು ಎಂದು ನೀವೇ ಊಹಿಸಿ. ಬಾವುಟ ಕಟ್ಟಿದ್ದೇ ಸಾಲದಿತ್ತೇ, ಅದಕ್ಕೊಂದು ಸುಳ್ಳನ್ನೂ ಸೇರಿಸಬೇಕಾಗಿತ್ತೇ ಅನ್ನಿಸಿತು ನನಗೆ.

ನಗು ಬರಿಸಿದ್ದೂ ಉಂಟು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ 'ಪೇಸಿಎಂ' ಪೋಸ್ಟರುಗಳು ಎದ್ದವು. ಕ್ಯೂಆರ್ ಕೋಡಿನ ನಡುವೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮುಖ. ಸ್ಕ್ಯಾನ್ ಮಾಡಿದರೆ 40 ಪರ್ಸೆಂಟ್ ಕಮಿಷನ್ ಆರೋಪದ ಕಾಂಗ್ರೆಸ್ ಜಾಲತಾಣ. ಅಂಟಿಸಿದವರನ್ನು ಪೊಲೀಸರು ಹಿಡಿದ ಮೇಲೆ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ತಾವೇ ಬೀದಿಗಿಳಿದು ಅಂಟಿಸಿದರು. ಮುಂದಿನ ವರ್ಷದ ಚುನಾವಣೆಯವರೆಗೂ ಆ ಮಾತು ಜನರ ಬಾಯಲ್ಲಿ ಉಳಿಯಿತು. ನನಗೆ ಇಷ್ಟವಾದದ್ದು ಅದರ ಹಳೆಯ ಭಾಗ, ಮೈದಾ ಅಂಟು ಮತ್ತು ಗೋಡೆ.

2023ರ ಜನವರಿಯಲ್ಲಿ ಭದ್ರಾವತಿಯ ಅದೇ ಕಬ್ಬಿಣದ ಕಾರ್ಖಾನೆ ವಿಐಎಸ್ಎಲ್ ಅನ್ನು ಮುಚ್ಚುವ ತೀರ್ಮಾನ ಉಕ್ಕು ಪ್ರಾಧಿಕಾರದಿಂದ ಬಂತು. ನೂರು ವರ್ಷ ಕಂಡ ಕಾರ್ಖಾನೆ, 1923ರಲ್ಲಿ ಕಬ್ಬಿಣ ಕರಗಿಸತೊಡಗಿದ್ದು. ಪಕ್ಕದ ಎಂಪಿಎಂ ಕಾಗದದ ಕಾರ್ಖಾನೆ ಆಗಲೇ ನಿಂತುಹೋಗಿತ್ತು. ಫೆಬ್ರವರಿ 27ಕ್ಕೆ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟಿಸಲು ಪ್ರಧಾನಿ ಬರುವುದಿತ್ತು. ಕಾರ್ಖಾನೆ ಉಳಿಸಿ ಎಂಬ ಕೂಗು ಫೇಸ್‌ಬುಕ್ಕಿನಲ್ಲೂ ಎದ್ದಿತು, ಊರು ಬಿಟ್ಟು ಹೋದವರ ಫ್ಯಾಮಿಲಿ ಗ್ರೂಪುಗಳಲ್ಲೂ ಎದ್ದಿತು. ಗುತ್ತಿಗೆ ಕಾರ್ಮಿಕರು ಮಾತ್ರ ಶಾಮಿಯಾನ ಹಾಕಿ ಕಾರ್ಖಾನೆಯ ಮುಂದೆಯೇ ಕೂತರು. ವಿಡಿಯೊ ಮಾಡಬೇಕಾದರೂ ತೋರಿಸಲು ಒಂದು ಗೇಟ್ ಬೇಕಲ್ಲ. ಅದೇ ಆಗಸ್ಟಿನಲ್ಲಿ ಕಾರ್ಖಾನೆಯ ಒಂದು ಭಾಗ ಮತ್ತೆ ಉಸಿರಾಡಿತು.

ಮಲವಗೊಪ್ಪದಲ್ಲಿ ಈಗ ಕಬ್ಬಿನ ಗಾಡಿಗಳ ಸಾಲಿಲ್ಲ. ಸಾಯಂಕಾಲ ಹೋಟೆಲಿನ ಮುಂದೆ ನಾಲ್ಕು ಜನ ನಿಂತಿದ್ದರೆ ನಾಲ್ವರೂ ಫೋನ್ ನೋಡುತ್ತಿರುತ್ತಾರೆ. ನಾಳೆ ಧರಣಿ ಇದೆ ಎಂದು ಗ್ರೂಪಿನಲ್ಲಿ ಬಂದಿರುತ್ತದೆ. ಕೆಳಗೆ ಮುಗಿದ ಕೈ, ಹೆಬ್ಬೆರಳು, ಹಸಿರು ಹೃದಯ. ಆಮೇಲೆ ಒಬ್ಬ ತಲೆ ಎತ್ತಿ ಕೇಳುತ್ತಾನೆ: "ನೀನು ಬರ್ತೀಯೇನೋ?"