ತಡವಾಗಿ ಬರುವ ನೆರವು: ಕ್ಷಯಾಣು ಹೊಕ್ಕ ಇಲಿಯ ದೇಹದಲ್ಲಿ ನಡೆಯುವುದೇನು?

ಮಕ್ಕಳ ಎಡತೋಳಿನ ಮೇಲಿನ ಚಿಕ್ಕ ಕಲೆ ಬಿಸಿಜಿ ಲಸಿಕೆಯದೆಂಬುದನ್ನು ತಾಯಂದಿರೆಲ್ಲರೂ ಬಲ್ಲರು. ಎಳೆಯರನ್ನು ಮಿದುಳಿನ ಕ್ಷಯದಂತಹ ಘೋರ ರೂಪಗಳಿಂದ ಕಾಪಾಡುವ ಆ ಲಸಿಕೆ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅಷ್ಟು ನೆಚ್ಚುವಂತೆ ತಡೆಯುವುದಿಲ್ಲ. ಏಕೆಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ದೊರೆತಿರುವುದು ಪ್ರಯೋಗಾಲಯದ ಇಲಿಗಳಿಂದ.

ಉಸಿರಿನೊಡನೆ ಒಳಸೇರಿದ ಕ್ಷಯಾಣುವನ್ನು ಮೊದಲು ನುಂಗುವುದು ಶ್ವಾಸಕೋಶದಲ್ಲಿ ಕಾವಲಿರುವ ಮಹಾಭಕ್ಷಕ ಕೋಶ. ನುಂಗಿದ್ದನ್ನು ಅರಗಿಸುವುದೇ ಅದರ ಕಸುಬು. ಕ್ಷಯಾಣು ಮಾತ್ರ ಅರಗುವುದಿಲ್ಲ. ತಾನು ಸೆರೆಯಾದ ಗುಳ್ಳೆಯೊಳಗೆ ಕೋಶದ ಜೀರ್ಣರಸ ಬಂದು ಬೆರೆಯದಂತೆ ಅದು ತಡೆಯುತ್ತದೆ. ಈ ತಂತ್ರವನ್ನು ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ ಎಂಬ ವಿಜ್ಞಾನಿಗಳು 1971ರಲ್ಲಿಯೇ ಇಲಿಯ ಕೋಶಗಳಲ್ಲಿ ಕಂಡು ತೋರಿಸಿದ್ದರು. ಸೆರೆಮನೆಯಾಗಬೇಕಾದದ್ದು ಕೈದಿಗೆ ಬಿಡಾರವಾಗುತ್ತದೆ.

ಈ ಬಿಕ್ಕಟ್ಟನ್ನು ಬಿಡಿಸಬಲ್ಲವು ಟಿ ಕೋಶಗಳು. ಅವು ಎಚ್ಚರಗೊಳ್ಳಬೇಕಾದರೆ ರೋಗಾಣುವಿನ ಸುದ್ದಿ ಸಮೀಪದ ದುಗ್ಧಗ್ರಂಥಿಗೆ ತಲುಪಬೇಕು. ಇಲಿಯಲ್ಲಿ ಅಷ್ಟಕ್ಕೇ ಸುಮಾರು 9 ದಿನ ಹಿಡಿಯುತ್ತದೆ. ಟಿ ಕೋಶಗಳು ಅಲ್ಲಿ ಸಂಖ್ಯೆ ಹೆಚ್ಚಿಸಿಕೊಂಡು ಶ್ವಾಸಕೋಶಕ್ಕೆ ಬರುವಾಗ 2 ವಾರ ಮೀರಿರುತ್ತದೆ. ಅಷ್ಟರಲ್ಲಿ ಬೆರಳೆಣಿಕೆಯ ರೋಗಾಣುಗಳು ಲಕ್ಷಗಳಾಗಿರುತ್ತವೆ. ಬಳಿಕ ಬೆಳವಣಿಗೆ ನಿಲ್ಲುತ್ತದೆ, ಆದರೆ ರೋಗಾಣು ನಿರ್ಮೂಲವಾಗುವುದಿಲ್ಲ. ಇಲಿ ಬದುಕಿರುವವರೆಗೂ ಅದು ಒಳಗೇ ಉಳಿಯುತ್ತದೆ.

ಟಿ ಕೋಶ ಬಂದು ಮಾಡುವುದಾದರೂ ಏನು? 1993ರಲ್ಲಿ ಅಮೆರಿಕದ ಎರಡು ತಂಡಗಳು, ಒಂದರಲ್ಲಿ ಆಂಡ್ರಿಯಾ ಕೂಪರ್, ಇನ್ನೊಂದರಲ್ಲಿ ಜೋಆನ್ ಫ್ಲಿನ್, ಇದನ್ನು ನೇರವಾಗಿ ಪರೀಕ್ಷಿಸಿದವು. ಟಿ ಕೋಶಗಳು ಸ್ರವಿಸುವ ಇಂಟರ್‌ಫೆರಾನ್ ಗ್ಯಾಮ ಎಂಬ ಒಂದೇ ಒಂದು ಸಂದೇಶವಾಹಕದ ವಂಶವಾಹಿಯನ್ನು ಕೆಡಿಸಿದ ಇಲಿಗಳಿಗೆ ಕ್ಷಯಾಣುವನ್ನು ಸೋಂಕಿಸಲಾಯಿತು. ಸಾಮಾನ್ಯ ಇಲಿಗಳು ತಡೆದುಕೊಂಡ ಸೋಂಕಿಗೆ ಇವು ಕೆಲವೇ ವಾರಗಳಲ್ಲಿ ಬಲಿಯಾದವು. ಗಮನಿಸಬೇಕಾದ ಸಂಗತಿಯೆಂದರೆ, ಭಕ್ಷಕ ಕೋಶಗಳು ಬಾರದೆ ಇರಲಿಲ್ಲ. ಅವು ಎಂದಿನಂತೆ ರೋಗಾಣುವನ್ನು ಸುತ್ತುವರಿದು ಗಂಟುಕಟ್ಟಿದ್ದವು. ಕೊಲ್ಲಲು ಬೇಕಾದ ನೈಟ್ರಿಕ್ ಆಕ್ಸೈಡನ್ನು ತಯಾರಿಸೆಂಬ ಆಜ್ಞೆ ಮಾತ್ರ ಅವಕ್ಕೆ ತಲುಪಲಿಲ್ಲ.

ಇಲಿಯ ಸಾಕ್ಷ್ಯ ಮನುಷ್ಯನಿಗೂ ಸಲ್ಲುವುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ 1996ರಲ್ಲಿ ದುಃಖಕರವಾದ ಉತ್ತರ ಬಂದಿತು. ಮಾಲ್ಟಾ ದೇಶದ ಕೆಲವು ಮಕ್ಕಳಿಗೆ ಮಣ್ಣು, ನೀರುಗಳಲ್ಲಿರುವ, ಇತರರಿಗೆ ಸಾಮಾನ್ಯವಾಗಿ ತೊಂದರೆ ಕೊಡದ ಮೈಕೋಬ್ಯಾಕ್ಟೀರಿಯಗಳೇ ಮಾರಕವಾಗಿದ್ದವು. ಟ್ಯುನೀಸಿಯದ ಒಂದು ಕೂಸು ಬಿಸಿಜಿಯನ್ನೇ ತಾಳದೆ ತೀರಿಕೊಂಡಿತ್ತು. ಅದೇ ಇಂಟರ್‌ಫೆರಾನನ್ನು ಗ್ರಹಿಸುವ ವಂಶವಾಹಿ ಈ ಮಕ್ಕಳಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು. ಇಂತಹ ದೋಷ ತೀರ ಅಪರೂಪ. ಲಸಿಕೆಗೆ ಹೆದರಲು ಇದು ಕಾರಣವಲ್ಲ.

ಆದರೂ ಇಲಿಯನ್ನು ಎಲ್ಲದರಲ್ಲಿಯೂ ನಂಬಲಾಗದು. ಸಾಮಾನ್ಯ ತಳಿಯ ಇಲಿಯ ಶ್ವಾಸಕೋಶದಲ್ಲಿ ಮನುಷ್ಯನಲ್ಲಿರುವಂತೆ ಗಂಟಿನ ನಡುಭಾಗ ಗಿಣ್ಣಿನಂತೆ ಕೊಳೆತು ಕುಳಿ ಬೀಳುವುದಿಲ್ಲ. ಅದಕ್ಕೆಂದೇ ಬೇರೆ ತಳಿಗಳನ್ನು ಬಳಸುತ್ತಾರೆ.

ಬಿಸಿಜಿ ಕೊಟ್ಟ ಇಲಿಗಳಲ್ಲಿ ಟಿ ಕೋಶಗಳು ಕೆಲವು ದಿನ ಮೊದಲೇ ಬರುತ್ತವೆ. ರೋಗಾಣುಗಳ ಸಂಖ್ಯೆ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಆ ವೇಳೆಗೆ ರೋಗಾಣು ಬಿಡಾರ ಹೂಡಿಯಾಗಿರುತ್ತದೆ. ಹೊಸ ಲಸಿಕೆಗಳನ್ನು ಹುಡುಕುತ್ತಿರುವವರಲ್ಲಿ ಕೆಲವರು ಈಗ ತೋಳನ್ನು ಬಿಟ್ಟು, ಟಿ ಕೋಶಗಳು ಮೊದಲೇ ಶ್ವಾಸಕೋಶದಲ್ಲಿ ನೆಲೆಸುವಂತೆ ಉಸಿರಿನ ಮೂಲಕ ಲಸಿಕೆ ಕೊಟ್ಟು ಪರೀಕ್ಷಿಸುತ್ತಿದ್ದಾರೆ.