ನೀಲಿ ಮನೆಯ ಪಿಂಗಾಣಿ

ಸಿಂಗಪುರದಲ್ಲಿ 'ಬಾಬಾ ಹೌಸ್' ಎಂದ ಕೂಡಲೇ ನಮ್ಮವರಿಗೆ ಶಿರಡಿಯೋ ಪುಟ್ಟಪರ್ತಿಯೋ ನೆನಪಾದರೆ ಆಶ್ಚರ್ಯವಿಲ್ಲ! ಇಲ್ಲಿ ಬಾಬಾ ಎಂದರೆ ಪೆರನಾಕನ್ ಗಂಡಸು, ಹೆಂಗಸು ನ್ಯೋನ್ಯಾ. ನೀಲ್ ರಸ್ತೆಯ 157ನೇ ಸಂಖ್ಯೆಯ ಈ ನೀಲಿ ಮನೆ 1895ರ ಸುಮಾರಿನದು. ಹಡಗು ವ್ಯಾಪಾರಿ ವೀ ಬಿನ್ ಅವರ ವಂಶಸ್ಥರ ಒಡೆತನದಲ್ಲಿತ್ತು. ಆಗ್ನೆಸ್ ಟಾನ್ ಅವರು ತಮ್ಮ ತಂದೆ ಟಾನ್ ಚೆಂಗ್ ಲಾಕ್ ಅವರ ನೆನಪಿಗೆ ನೀಡಿದ 40 ಲಕ್ಷ ಡಾಲರ್ ದಾನದ ನೆರವಿನಿಂದ ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯ ಇದನ್ನು ಕೊಂಡು, ದುರಸ್ತಿ ಮಾಡಿಸಿ, 2008ರ ಸೆಪ್ಟೆಂಬರ್‌ನಲ್ಲಿ ತೆರೆಯಿತು.

ಒಳಗೆ ನಮ್ಮ ತೊಟ್ಟಿಮನೆಯಂತೆಯೇ ಆಕಾಶಕ್ಕೆ ತೆರೆದ ಅಂಗಳ. ಮಹಡಿಯ ಮಲಗುವ ಕೋಣೆಯ ನೆಲದಲ್ಲೊಂದು ಇಣುಕುಗಂಡಿ; ಕೆಳಗೆ ಬಂದವರು ಯಾರೆಂದು ಅದರಿಂದ ನೋಡಬಹುದು.

ಮುಂಭಾಗದ ಗೋಡೆಯ ಫೀನಿಕ್ಸ್ ಹಕ್ಕಿ, ಪಿಯೋನಿ ಹೂಗಳನ್ನು ಹತ್ತಿರದಿಂದ ನೋಡಿ. ಅವು ಬಣ್ಣದ ಚಿತ್ರಗಳಲ್ಲ. ಬಣ್ಣದ ಪಿಂಗಾಣಿಯನ್ನು ಇಕ್ಕಳದಿಂದ ಕತ್ತರಿಸಿ, ಚೂರುಗಳನ್ನು ಗಾರೆಗೆ ಅಂಟಿಸಿದ ಕೆಲಸ. ಹೆಸರು 'ಜಿಯಾನ್ ನಿಯಾನ್', ಅಂದರೆ ಕತ್ತರಿಸಿ ಅಂಟಿಸುವುದು. ಗಣಕಯಂತ್ರದ ಮುಂದೆ ದಿನವಿಡೀ 'ಕಟ್ ಅಂಡ್ ಪೇಸ್ಟ್' ಮಾಡುವ ನಮ್ಮಂಥವರಿಗೆ ಈ ಹೆಸರು ಬಹಳ ಹಿಡಿಸಿತು.

ಇದೇ ಹಕ್ಕಿ, ಹೂಗಳು ಪೆರನಾಕನ್ನರ ನ್ಯೋನ್ಯಾ ಪಾತ್ರೆಗಳಲ್ಲೂ ಇವೆ. ಚೀನಾದಲ್ಲಿ, ಮುಖ್ಯವಾಗಿ ಜಿಂಗ್‌ಡೆಜೆನ್‌ನಲ್ಲಿ, ಹೇಳಿ ಮಾಡಿಸಿದ ಪಿಂಗಾಣಿ ಅದು. ಮೊದಲು ಸುಮಾರು 1300 ಡಿಗ್ರಿ ಶಾಖದಲ್ಲಿ ಪಾತ್ರೆ ಬೇಯುತ್ತದೆ. ಆಮೇಲೆ ಹೊಳಪಿನ ಮೇಲೆ ಗುಲಾಬಿ, ಹಸಿರು, ಹಳದಿ ಬಣ್ಣ ಬರೆದು, ಕಡಿಮೆ ಶಾಖದಲ್ಲಿ ಮತ್ತೆ ಸುಡುತ್ತಾರೆ. ಹೀಗೆ ಬಣ್ಣ ಮೇಲ್ಮೈಯಲ್ಲೇ ಉಳಿಯುವುದರಿಂದ ಉಜ್ಜಿದರೆ ಸವೆಯುತ್ತದೆ. ಮುಟ್ಟಬೇಡಿ ಎನ್ನುವುದು ಬರೀ ಗದರಿಕೆಯಲ್ಲ!

ಇಂಥ ಮನೆಯನ್ನು ನಡೆಸುವವರ ಕಷ್ಟವೂ ಇಲ್ಲೇ ಇದೆ. ಎಲ್ಲವನ್ನೂ ಗಾಜಿನೊಳಗಿಟ್ಟರೆ ಅದು ಮನೆಯೆನಿಸದು. ಎಲ್ಲರನ್ನೂ ಒಮ್ಮೆಗೇ ಬಿಟ್ಟರೆ ವಸ್ತು ಉಳಿಯದು. ಅದಕ್ಕಾಗಿಯೇ ಇಲ್ಲಿ ಮುಂಗಡ ಕಾದಿರಿಸಿದ ಸಣ್ಣ ಗುಂಪು, ಜೊತೆಗೊಬ್ಬ ವಿವರಿಸುವವರು ಎಂಬ ಪದ್ಧತಿ ಬಂತು. ವಿವರಿಸುವವರಿಲ್ಲದಿದ್ದರೆ ಬಣ್ಣದ ಪಾತ್ರೆ ಶುಭಕಾರ್ಯಕ್ಕೆ, ನೀಲಿ-ಬಿಳಿಯದು ಸೂತಕಕ್ಕೆ, ಹಿರಿಯರ ಪೂಜೆಗೆ ಎಂದು ತಿಳಿಯುವುದು ಹೇಗೆ? ಪಾತ್ರೆಯ ಮೇಲೆ ಅದನ್ನು ಬರೆದಿಲ್ಲ. ಊರಿನಿಂದ ತಂದ ಉಪ್ಪಿನಕಾಯಿ ಭರಣಿ ನಮ್ಮ ಫ್ಲಾಟುಗಳಲ್ಲಿ ಈಗ ಹೂದಾನಿಯಾಗಿದೆ. ಅದಕ್ಕೆ ಒದ್ದೆ ಕೈ ಹಾಕಬಾರದೆಂದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಹೊರಡುವ ಮುನ್ನ ಮನೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ತುಂಟ ಮಕ್ಕಳಿದ್ದರೆ ಮೊದಲು ಆರ್ಮೇನಿಯನ್ ಸ್ಟ್ರೀಟ್‌ನ ಪೆರನಾಕನ್ ಮ್ಯೂಸಿಯಂ ವಾಸಿ. 2023ರಲ್ಲಿ ಮರಳಿ ತೆರೆದ ಅಲ್ಲಿ ಪಾತ್ರೆಗಳು ಗಾಜಿನ ಹಿಂದೆ ಭದ್ರವಾಗಿವೆ.