ಕಡಲತಡಿಯ ‘ಇಂಡಿಯನ್’ ಊಟ

ಇಂಗ್ಲೆಂಡಿನ ಕಡಲತಡಿಯ ಬ್ರೈಟನ್ ಪಟ್ಟಣದಲ್ಲಿ ‘ಇಂಡಿಯನ್’ ಎಂಬ ಫಲಕ ಕಂಡಾಗ ನಮ್ಮವರಿಗೆ ಮನೆಯೂಟದ ಆಸೆ ಮೂಡುವುದು ಸಹಜ. ಆದರೆ ಬ್ರಿಟನ್ನಿನ ಇಂತಹ ಬಹುಪಾಲು ಹೋಟೆಲುಗಳನ್ನು ಕಟ್ಟಿ ಬೆಳೆಸಿದವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರಾಂತ್ಯದವರು. ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಸುರಿಯುತ್ತ ಬಂದವರೇ ಅವರಲ್ಲಿ ಮೊದಲಿಗರು. ನಮ್ಮ ದೇಶದ ಹೆಸರು ಅವರ ಅನ್ನಕ್ಕೆ ದಾರಿಯಾಯಿತು. ಅವರ ಊರಿನ ಹೆಸರು ಮಾತ್ರ ಫಲಕ ಏರಲಿಲ್ಲ.

ಇದೇ ಬ್ರೈಟನ್ನಿನ ಸಂತ ನಿಕೋಲಸರ ಚರ್ಚಿನಂಗಳದಲ್ಲಿ ಪಾಟ್ನಾ ಮೂಲದ ದೀನ್ ಮಹಮ್ಮದರ ಸಮಾಧಿಯಿದೆ. 1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನ್ ಕಾಫಿ ಹೌಸ್’ ತೆರೆದವರು ಇವರೇ. ಹೆಸರಿಗೆ ಕಾಫಿ, ಬಡಿಸಿದ್ದು ಮಸಾಲೆಯ ಅಡುಗೆ. ಎರಡೇ ವರ್ಷಗಳಲ್ಲಿ ದಿವಾಳಿಯಾಗಿ, ಬಳಿಕ ಬ್ರೈಟನ್ನಿಗೆ ಬಂದು ಹಬೆಸ್ನಾನದ ಗೃಹ ನಡೆಸಿ ಹೆಸರಾದರು. ಅಡುಗೆ ಕೈಬಿಟ್ಟವರನ್ನು ಅಂಗಮರ್ದನ ಕೈಹಿಡಿಯಿತೆನ್ನಬೇಕು!

ಸಿಲ್ಹೆಟಿನ ಅಡುಗೆಯವರು ತಮಗೆಂದು ಬೇಯಿಸಿಕೊಳ್ಳುವ ಸಾರು ಗಿರಾಕಿಗಳ ಮೇಜಿಗೆ ಬರುವುದು ಅಪರೂಪ. ಅಲ್ಲಿಗೆ ಹೋಗುವ ನಮ್ಮ ಕುಟುಂಬಗಳು ಅದನ್ನೊಮ್ಮೆ ವಿನಯದಿಂದ ಕೇಳಿ ನೋಡಬಾರದೇಕೆ?